ಹಿಮಯಾನದ ಕಥನ: ಪ್ರಶ್ನೆ ಯಾರದು?

ಕ್ನುದ್ ರಾಸ್ಮುಸೆನ್‌ನ ‘ಅಕ್ರಾಸ್ ಆರ್ಕ್‌ಟಿಕ್ ಅಮೆರಿಕ’ (1927) ಕೃತಿಯನ್ನು ಸಾಹಸಕಥನವೆಂದು ಓದುವ ರೂಢಿಯಿದೆ. ಈ ಓದು ಅಪೂರ್ಣವೆಂಬುದು ನಮ್ಮ ಅಭಿಪ್ರಾಯ. 1879ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಜನಿಸಿದ ಈ ಲೇಖಕನ ತಂದೆ ಡೇನಿಷ್ ಪಾದ್ರಿ. ತಾಯಿಯ ಕಡೆಯಿಂದ ಇನೂಯಿಟ್ ರಕ್ತಸಂಬಂಧ. ಗ್ರೀನ್‌ಲ್ಯಾಂಡಿನ ನುಡಿ ಆತನಿಗೆ ಬಾಲ್ಯದಿಂದಲೇ ಒಲಿದಿತ್ತು. ಆದುದರಿಂದ 1921–24ರ ಐದನೆಯ ಥೂಲೆ ಯಾತ್ರೆಯಲ್ಲಿ ಹಡ್ಸನ್ ಕೊಲ್ಲಿಯ ಕಡೆಯಿಂದ ಅಲಾಸ್ಕಾದವರೆಗೆ ನಾಯಿಗಳೆಳೆಯುವ ಜಾರುಬಂಡಿಯಲ್ಲಿ ಸಾಗಿದ ಆತ, ಕಂಡ ಜನರೊಡನೆ ಬಹುಮಟ್ಟಿಗೆ ನೇರವಾಗಿಯೇ ಮಾತನಾಡಬಲ್ಲವನಾಗಿದ್ದ.

ಕೃತಿಯ ಶಿಖರವೆಂದರೆ ಇಗ್ಲೂಲಿಕ್ ಪ್ರದೇಶದ ಮಾಂತ್ರಿಕ ಆವುವಿನೊಡನೆ ನಡೆದ ಸಂವಾದ. ವಿಧಿನಿಷೇಧಗಳಿಗೆ ಕಾರಣವೇನೆಂದು ಅತಿಥಿ ಮತ್ತೆ ಮತ್ತೆ ಕೇಳುತ್ತಾನೆ. ಆವು ಬಾಯಿಮಾತಿನ ಉತ್ತರ ಕೊಡದೆ ಅವನನ್ನು ಹೊರಗೆ ಕರೆದೊಯ್ಯುತ್ತಾನೆ. ಹಿಮಗಾಳಿ ಬೀಸುತ್ತಿದೆ, ಈ ಬಿರುಗಾಳಿ ಏಕೆ? ದಿನವಿಡೀ ಬೇಟೆಗೆ ಕಾದವನ ಮನೆಯಲ್ಲಿ ಕೊಬ್ಬಿನ ದೀಪ ಕ್ಷೀಣವಾಗಿ ಉರಿಯುತ್ತಿದೆ, ಮಕ್ಕಳು ನಡುಗುತ್ತಿವೆ. ಈ ಚಳಿ ಏಕೆ? ತನ್ನ ಅಕ್ಕತಂಗಿಯರಲ್ಲೊಬ್ಬಳು ರೋಗದಿಂದ ಮಲಗಿದ್ದಾಳೆ. ಈ ನೋವು ಏಕೆ? ಅತಿಥಿ ನಿರುತ್ತರನಾಗುತ್ತಾನೆ. ಇಲ್ಲಿ ನಿಸರ್ಗವು ವರ್ಣನೆಯ ವಸ್ತುವಾಗಿ ಉಳಿಯದೆ ವಾದದ ಸಾಕ್ಷ್ಯವೇ ಆಗುತ್ತದೆ. ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪಳಗಿದ ನಮಗೆ ಇದು ತುಸು ಬೆರಗಿನ ಸಂಗತಿ. ಪ್ರಶ್ನಿಸುವ ಅಧಿಕಾರ ಸಂಶೋಧಕನ ಕೈಯಿಂದ ಜಾರಿತೆಂಬುದನ್ನು ಮರೆಮಾಚದಿರುವುದೇ ರಾಸ್ಮುಸೆನ್‌ನ ಹಿರಿಮೆ. ಕ್ಷೇತ್ರಕಾರ್ಯದ ವರದಿ ಬರೆಯುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಧೈರ್ಯವಿದೆ?

ಆದರೂ ಕೆಲವು ಆಕ್ಷೇಪಗಳುಂಟು. ನೆಟ್ಸಿಲಿಕ್ ಕವಿ ಓರ್ಪಿಂಗಲಿಕ್ ತನ್ನ ಹಾಡನ್ನು ಉಸಿರೆಂದೇ ಭಾವಿಸಿದವನು. ಆ ಉಸಿರು ಡೇನಿಷ್ ಬರಹವಾಗಿ, ಬಳಿಕ ಇಂಗ್ಲಿಷಾಗಿ ನಮ್ಮನ್ನು ಮುಟ್ಟುತ್ತದೆ. ಇಂಗ್ಲಿಷ್ ಕೃತಿಯಾದರೋ ಎರಡು ಡೇನಿಷ್ ಸಂಪುಟಗಳ ಸಂಕ್ಷೇಪ. ಹಾಡು ಓಲೆಗಿಳಿದಾಗ ಧಾಟಿ ಕಳೆದುಹೋಗುವುದನ್ನು ಬಲ್ಲ ಹಸ್ತಪ್ರತಿ ಸಂಪಾದಕರು ಇಲ್ಲಿ ಮೂರು ಪಟ್ಟು ಎಚ್ಚರ ವಹಿಸಬೇಕು. ಇನ್ನೊಂದು ಮಾತು: ಈ ದೀರ್ಘ ಪಯಣದ ಸಹಯಾತ್ರಿ ಅರ್ನಾರುಲುಂಗುವಾಕ್ ಎಂಬ ಸ್ತ್ರೀ. ಚರ್ಮದ ಉಡುಪನ್ನು ಹೊಲಿದು ಸರಿಪಡಿಸುವ ಕೈಗಳಿಲ್ಲದೆ ಆ ಹಿಮದಲ್ಲಿ ಯಾತ್ರೆಯೇ ಅಸಾಧ್ಯ. ಆಕೆಯ ದುಡಿಮೆಗೆ ಹೋಲಿಸಿದರೆ ಆಕೆಗೆ ದಕ್ಕಿದ ಪುಟಗಳು ತೀರ ಕಡಿಮೆ.

2006ರಲ್ಲಿ ಜಕರಾಯಸ್ ಕುನುಕ್ ಮತ್ತು ನಾರ್ಮನ್ ಕೋನ್ ನಿರ್ದೇಶಿಸಿದ ‘ದಿ ಜರ್ನಲ್ಸ್ ಆಫ್ ಕ್ನುದ್ ರಾಸ್ಮುಸೆನ್’ ಚಿತ್ರವನ್ನು ಈ ಕಥನದ ಮರುಪಾಠವೆಂದು ಪರಿಗಣಿಸಬಹುದು. ಕುನುಕ್ ಸ್ವತಃ ಇನೂಯಿಟ್. ಹೆಸರು ಯಾತ್ರಿಕನದಾದರೂ ಚಿತ್ರದ ದೃಷ್ಟಿ ನೆಟ್ಟಿರುವುದು ಆವುವಿನ ಕುಟುಂಬದ ಮೇಲೆ. ಹಸಿವು ಒಂದು ಕಡೆ, ಹೊಸ ಮತ ಸ್ವೀಕರಿಸಿದರೆ ಅನ್ನ ಎಂಬ ನೆರೆಯವರು ಇನ್ನೊಂದು ಕಡೆ. ಕೊನೆಗೆ ಆವು ತನ್ನ ಸಹಾಯಕ ದೈವಗಳನ್ನು ಕಳಿಸಿಬಿಡುತ್ತಾನೆ. ಅವು ಅಳುತ್ತ ಹಿಮದಲ್ಲಿ ನಡೆದುಹೋಗುತ್ತವೆ.