ಸ್ಪರ್ಶವನ್ನರಿಯುವ ಗಾಜು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂ ಮಾರುವ ತಾಯಿಯು, ನೀರು ಚಿಮುಕಿಸಿದ ಸೇವಂತಿಗೆಯನ್ನು ಮೊಳ ಹಾಕಿ ಕೊಟ್ಟು, ಸೆರಗಿಗೆ ಬೆರಳೊರೆಸಿಕೊಂಡ ಬಳಿಕವೇ ಮೊಬೈಲನ್ನು ಮುಟ್ಟುವುದರಲ್ಲಿ ಭೌತವಿಜ್ಞಾನದ ತತ್ತ್ವವೊಂದು ಅಡಗಿದೆ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ವಾಹಕರೇಖೆಗಳು ಅಡ್ಡಲಾಗಿಯೂ ಉದ್ದಕ್ಕೂ ಹಾಯ್ದು ಸೂಕ್ಷ್ಮವಾದ ವಿದ್ಯುತ್‌ಕ್ಷೇತ್ರವನ್ನು ನಿರ್ಮಿಸಿರುತ್ತವೆ. ಸ್ವತಃ ವಿದ್ಯುದ್ವಾಹಕವಾದ ನಮ್ಮ ಬೆರಳು ಸಮೀಪಿಸಿದೊಡನೆ ಆ ಕ್ಷೇತ್ರವು ಕಿಂಚಿತ್ತು ವ್ಯತ್ಯಸ್ತವಾಗಿ, ಯಾವ ಎರಡು ರೇಖೆಗಳ ಸಂಧಿಯಲ್ಲಿ ಆ ವ್ಯತ್ಯಾಸವುಂಟಾಯಿತೆಂಬುದನ್ನು ಒಳಗಿನ ಚಿಪ್ ಕ್ಷಣಾರ್ಧದಲ್ಲಿ ಗಣಿಸಿಬಿಡುತ್ತದೆ. ನೀರೂ ಈ ಕ್ಷೇತ್ರವನ್ನು ಕದಡಬಲ್ಲುದಾದ್ದರಿಂದ, ಮಲೆನಾಡಿನ ಮಳೆಹನಿಯು ಪರದೆಗೆ ಬೆರಳಿನ ಭ್ರಮೆಯನ್ನು ಹುಟ್ಟಿಸುವುದುಂಟು. ಎಷ್ಟು ಸುಕುಮಾರವಾದ ಗ್ರಹಣಶಕ್ತಿ!

ಒತ್ತಡವನ್ನೇ ಆಶ್ರಯಿಸಿದ ಪರದೆಯ ಬಗೆ ಬೇರೆ. ಅತ್ಯಲ್ಪ ಅಂತರದಲ್ಲಿರುವ ಎರಡು ವಾಹಕಪದರಗಳು ಒತ್ತಿದೆಡೆಯಲ್ಲಿ ಕೂಡಲು, ಅಲ್ಲಿಯ ವೋಲ್ಟೇಜಿನಿಂದ ಸ್ಥಾನವು ನಿಶ್ಚಿತವಾಗುತ್ತದೆ. ಬೆರಳಾಗಲಿ, ಕೈಗವಸಾಗಲಿ, ಕಡ್ಡಿಯಾಗಲಿ ಅದಕ್ಕೆ ಭೇದವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ, 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಎಂಬ ಅಂಗೈಗಣಕವು ಇಂಥ ಪರದೆಯ ಮೇಲೆ ಕಡ್ಡಿಯ ಸ್ಪರ್ಶಕ್ಕೆ ಓಗೊಡುತ್ತಿದ್ದ ಯಂತ್ರ. ಅಕ್ಷರವರಿಯದವರಿಗೂ ದಕ್ಕಲೆಂದು ಭಾರತೀಯ ಭಾಷೆಗಳ ಪಠ್ಯವನ್ನು ಅದು ಓದಿ ಹೇಳುತ್ತಿತ್ತು. ಐಫೋನು ಲೋಕಕ್ಕೆ ಪರಿಚಿತವಾದುದು 2007ರಲ್ಲಿ. ಅದಕ್ಕೂ ಮುನ್ನ ನಮ್ಮವರು ಕೈಗೊಂಡ ಈ ಸಾಹಸಕ್ಕೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ.