ಅಂಕಿತ, ಕಾವ್ಯನಾಮ, ಜಾಲನಾಮ

ಮನುಷ್ಯನಿಗೆ ಹೆಸರನ್ನಿಡತಕ್ಕವರು ಇತರರು. ನಾಮಕರಣವು ಷೋಡಶ ಸಂಸ್ಕಾರಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಆದರೆ ಹೆಸರನ್ನು ಹೊರತಕ್ಕ ಶಿಶುವಿನ ಸಮ್ಮತಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಮುಂದೆ ಊರಿನವರು ಕಟ್ಟುವ ಅಡ್ಡಹೆಸರಿನ ಸಂಗತಿಯೂ ಹೀಗೆಯೇ. ಸನ್ಯಾಸಿಯ ಆಶ್ರಮನಾಮವನ್ನು ಕೂಡ ಗುರುವೇ ಕೊಡುವನು. ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವು ಜೀವಮಾನದಲ್ಲಿ ಬಹು ದುರ್ಲಭ. ಕನ್ನಡನಾಡಿನಲ್ಲಿ ಬಹುಕಾಲ ಅದನ್ನು ಅನುಭವಿಸಿದವರು ಮುಖ್ಯವಾಗಿ ಕವಿಗಳು, ಶರಣರು. ಅಂತರ್ಜಾಲವು ಬಳಕೆಗೆ ಬಂದ ಮೇಲೆ ಅದು ಓದುಬರಹ ಬಲ್ಲ ಎಲ್ಲರಿಗೂ ದೊರೆತಿದೆ. ಜಾಲತಾಣದೊಳಕ್ಕೆ ಕಾಲಿಡುವವನು ಮೊದಲು ತನಗೊಂದು ಹೆಸರನ್ನು ಇಟ್ಟುಕೊಳ್ಳಬೇಕು. ಇದನ್ನು ಜಾಲನಾಮವೆಂದು ಕರೆಯಬಹುದು. ಹಿಂದೆ ಕವಿಗಳು ಈ ಸ್ವಾತಂತ್ರ್ಯವನ್ನು ಹೇಗೆ ಬಳಸಿದರೆಂಬುದನ್ನು ನೋಡಿದರೆ, ಇಂದಿನ ಈ ಹೆಸರುಗಳ ಗುಣದೋಷಗಳನ್ನು ಅಳೆಯಲು ಒಂದು ಮಾನವು ದೊರೆಯುವುದು.

ಕಾವ್ಯನಾಮವೆಂದರೆ ಮರೆ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತಿದೆ. ಸಂಕೋಚದಿಂದಲೋ ಅಧಿಕಾರಭಯದಿಂದಲೋ ವಿನೋದಕ್ಕಾಗಿಯೋ ಲೇಖಕನು ತನ್ನ ನಿಜನಾಮವನ್ನು ಮುಚ್ಚಿಕೊಳ್ಳುವನೆಂಬುದು ಈ ಅಭಿಪ್ರಾಯದ ಸಾರ. ಕನ್ನಡ ಸಾಹಿತ್ಯದ ಸಾಕ್ಷ್ಯವು ಇದಕ್ಕೆ ಪ್ರತಿಕೂಲವಾಗಿದೆ. ‘ಅಂಕ’ವೆಂದರೆ ಗುರುತು, ‘ಅಂಕಿತ’ವೆಂದರೆ ಗುರುತು ಹಾಕಲ್ಪಟ್ಟದ್ದು. ಶಬ್ದವೇ ಹೇಳುವಂತೆ ಇದು ಮರೆಯಲ್ಲ, ಮುದ್ರೆ. ಕನ್ನಡದ ಕವಿಯು ಹೆಸರನ್ನು ಆರಿಸಿಕೊಂಡಾಗ ತಾನು ಯಾರೆಂಬುದನ್ನು ಮುಚ್ಚುವುದಕ್ಕಿಂತ, ತಾನು ಯಾರಿಗೆ ಸೇರಿದವನೆಂಬುದನ್ನು ಸಾರುವುದೇ ಹೆಚ್ಚು.

ಈ ಮಾತಿಗೆ ಮೊದಲನೆಯ ಪ್ರಮಾಣ ವಚನಗಳು. ಬಸವಣ್ಣನವರ ‘ಕೂಡಲಸಂಗಮದೇವ’, ಅಲ್ಲಮಪ್ರಭುವಿನ ‘ಗುಹೇಶ್ವರ’, ದೇವರ ದಾಸಿಮಯ್ಯನ ‘ರಾಮನಾಥ’ ಇವು ವಚನಕಾರರ ಹೆಸರುಗಳಲ್ಲ. ಅವರು ಯಾರನ್ನು ಕುರಿತು ಮಾತನಾಡಿದರೋ ಆ ದೈವದ ಹೆಸರುಗಳು. ನುಡಿದವನ ಗುರುತು ಕೇಳುವವನ ಹೆಸರಿನಲ್ಲಿ ಅಡಗಿರುವುದು ಒಂದು ಅಪೂರ್ವವಾದ ಏರ್ಪಾಡು. ಇದರಲ್ಲಿ ವ್ಯಕ್ತಿಯ ಆಯ್ಕೆಗೆ ಎಡೆಯಿಲ್ಲವೆಂದು ಭಾವಿಸಬಾರದು. ಸಿದ್ಧರಾಮನೂ ಅಕ್ಕಮಹಾದೇವಿಯೂ ನೆಚ್ಚಿದ್ದು ಶ್ರೀಶೈಲದ ಮಲ್ಲಿಕಾರ್ಜುನನನ್ನೇ. ಆದರೆ ಒಬ್ಬನಿಗೆ ಆತನು ‘ಕಪಿಲಸಿದ್ಧ ಮಲ್ಲಿಕಾರ್ಜುನ’, ಇನ್ನೊಬ್ಬಳಿಗೆ ‘ಚೆನ್ನಮಲ್ಲಿಕಾರ್ಜುನ’. ಯೋಗಿಯ ದೃಷ್ಟಿಗೂ ಚೆಲುವನಿಗೆ ಮನಸೋತವಳ ದೃಷ್ಟಿಗೂ ಇರುವ ಅಂತರವೆಲ್ಲ ಆ ಪೂರ್ವಪದಗಳಲ್ಲಿ ಅಡಕವಾಗಿದೆ. ಅಂಬಿಗರ ಚೌಡಯ್ಯನಾದರೋ ದೇವರ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ, ಅದೂ ಕಾಯಕಸಮೇತವಾಗಿ, ಅಂಕಿತವಾಗಿಸಿಕೊಂಡನು. ಹುಟ್ಟು ಹಾಕುವ ಕೈಯೇ ಆತನ ಮುದ್ರೆ. ಆತನ ನುಡಿಯ ಕಾಠಿನ್ಯವನ್ನು ಬಲ್ಲವರಿಗೆ ಈ ಆಯ್ಕೆಯು ಅಹಂಕಾರವೆಂದು ತೋರದೆ, ಆಡಿದ ಮಾತಿಗೆ ತಾನೇ ಹೊಣೆಯೆಂಬ ಘೋಷಣೆಯಾಗಿ ತೋರುವುದು.

ಆಯ್ದಕ್ಕಿ ಲಕ್ಕಮ್ಮನ ಅಂಕಿತವು ವಿಶೇಷವಾಗಿ ವಿಚಾರಾರ್ಹವಾಗಿದೆ. ಆಕೆಯ ಪತಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಆಕೆಯದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರಿನ ಮೂಲಕವೇ ದೈವವನ್ನು ಕಾಣುವ ವಿಧೇಯತೆಯೆಂದು ಮೇಲುನೋಟಕ್ಕೆ ತೋರುವುದು. ವಚನಗಳನ್ನು ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಕ್ಷೇಪಿಸಿ, ಅತಿಯಾಸೆಯನ್ನು ಖಂಡಿಸುವ ಮಾತುಗಳು ಆ ಅಂಕಿತದಲ್ಲಿಯೇ ಮುಗಿಯುತ್ತವೆ. ‘ಮಾರಯ್ಯಪ್ರಿಯ’ನಾದ ದೇವರನ್ನೇ ಸಾಕ್ಷಿಗೆ ಕರೆದು ಮಾರಯ್ಯನನ್ನು ತಿದ್ದುವ ಈ ಧೈರ್ಯವನ್ನು, ಅಂಕಿತವನ್ನು ಬಿಟ್ಟು ಓದಿದವನು ಗ್ರಹಿಸಲಾರನು. ಆದುದರಿಂದ ಅಂಕಿತವು ವಚನದ ಕೊನೆಗೆ ಅಂಟಿಸಿದ ಚೀಟಿಯಲ್ಲ, ಅದರ ಅರ್ಥದ ಒಂದು ಅಂಗ.

ಈ ತತ್ತ್ವವು ಪಂಡಿತರ ಚರ್ಚೆಯಲ್ಲಿಯೇ ಉಳಿಯದೆ ನ್ಯಾಯಾಲಯದ ವರೆಗೂ ಹೋದುದುಂಟು. ಬಸವಣ್ಣನವರ ವಚನಗಳ ಒಂದು ಆವೃತ್ತಿಯಲ್ಲಿ ‘ಕೂಡಲಸಂಗಮದೇವ’ ಎಂಬುದರ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚು ಹಾಕಿಸಲಾಯಿತು. 1998ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ತೆರವುಗೊಳಿಸಲು ಒಪ್ಪಲಿಲ್ಲ. ಗ್ರಂಥವನ್ನು ನಿಷೇಧಿಸುವುದು ಯುಕ್ತವೇ ಎಂಬುದು ಬೇರೆ ಪ್ರಶ್ನೆ. ಆ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಮಾತ್ರ ಸಂಶಯವಿರಲಾರದು. ‘ಸಂಗಮ’ವೆಂಬುದು ನದಿಗಳು ಕೂಡುವ ಒಂದು ಊರು, ಅಲ್ಲಿಯ ಒಂದು ಗುಡಿ. ಆ ಪದವನ್ನು ತೆಗೆದರೆ ವಚನದ ಲಯವು ಕೆಡುವುದಲ್ಲದೆ, ನುಡಿದವನ ಬಾಳು ಬೇರೂರಿದ ನೆಲವೂ ಕಳಚಿ ಹೋಗುವುದು.

ದಾಸಪರಂಪರೆಯಲ್ಲಿ ಅಂಕಿತವನ್ನು ಗುರುವು ಶಿಷ್ಯನಿಗೆ ಅನುಗ್ರಹಿಸುವ ಪದ್ಧತಿ ಬೆಳೆಯಿತು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಸಾಲಿನಲ್ಲಿ ಉತ್ತರಪದವು ಎಲ್ಲರಿಗೂ ಸಮಾನ, ಪೂರ್ವಪದವು ಒಬ್ಬೊಬ್ಬರದು. ಒಂದು ಮನೆತನದ ಹೆಸರಿನಂತೆ ‘ವಿಠಲ’ ಎಂಬುದು ಇವರನ್ನೆಲ್ಲ ಒಂದುಗೂಡಿಸುವುದು. ಗದುಗಿನ ನಾರಣಪ್ಪನು ವೀರನಾರಾಯಣನ ಅಂಕಿತದಲ್ಲಿ ಭಾರತವನ್ನು ಬರೆದು, ತನ್ನನ್ನು ‘ಕುಮಾರವ್ಯಾಸ’ನೆಂದು ಕರೆದುಕೊಂಡನು. ಇದರಲ್ಲಿ ವಿನಯವೂ ಇದೆ, ಹಕ್ಕುಸಾಧನೆಯೂ ಇದೆ. ಮಗನು ತಂದೆಗೆ ಕಿರಿಯನು ನಿಜ. ಆದರೆ ಆಸ್ತಿಗೆ ಉತ್ತರಾಧಿಕಾರಿಯೂ ಅವನೇ ಅಲ್ಲವೆ? ‘ಕವಿಶಿಷ್ಯ’ನೆಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು (1874–1937) ಇದೇ ಜಾಡಿನಲ್ಲಿ ನಡೆದು, ವಿನಯವನ್ನು ಮಾತ್ರ ಇಟ್ಟುಕೊಂಡು ಹಕ್ಕನ್ನು ಬಿಟ್ಟುಕೊಟ್ಟರು.

ಮರೆಯೆಂಬ ಹೆಸರಿಗೆ ನಿಜವಾಗಿ ತಕ್ಕ ಉದಾಹರಣೆಯೆಂದರೆ ಮುದ್ದಣನದು. ನಂದಳಿಕೆಯ ಲಕ್ಷ್ಮೀನಾರಣಪ್ಪನು ತನ್ನ ಕೃತಿಗಳನ್ನು ತನ್ನದೆಂದು ಸಾರದೆ ಪ್ರಕಟನೆಗೆ ಕಳುಹಿಸಿದನು. 1901ರಲ್ಲಿ ಆತನು ತೀರಿಕೊಂಡ ತರುವಾಯ ಕವಿಯಾರೆಂಬುದು ಲೋಕಕ್ಕೆ ತಿಳಿದುಬಂದಿತು. ಆದರೆ ಇಲ್ಲಿಯೂ ಹೆಸರು ಬರಿಯ ಮುಸುಕಾಗಿ ನಿಲ್ಲಲಿಲ್ಲ. ‘ಮುದ್ದಣ’ ಎಂಬುದು ಪಂಡಿತರ ಬಿರುದಲ್ಲ. ಮನೆಯಲ್ಲಿ ಮುದ್ದಿಸಿ ಕರೆಯತಕ್ಕ ಬಗೆಯ ಮಾತು. ರಾಮಾಶ್ವಮೇಧದಲ್ಲಿ ಆ ಮುದ್ದಣನೇ ಪಾತ್ರವಾಗಿ ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆ ಪ್ರಶ್ನಿಸುತ್ತಾಳೆ, ಪರಿಹಾಸ ಮಾಡುತ್ತಾಳೆ. ಬಡ ಉಪಾಧ್ಯಾಯನೊಬ್ಬನು ಅಡಗಿಕೊಳ್ಳಲು ತೆಗೆದುಕೊಂಡ ಹೆಸರು ಕಾವ್ಯದೊಳಗೆ ಒಂದು ಸಂಸಾರವನ್ನೇ ಹೂಡಿತು. ಇಂದು ಓದುಗರಿಗೆ ಲಕ್ಷ್ಮೀನಾರಣಪ್ಪನಿಗಿಂತ ಮುದ್ದಣನೇ ಹೆಚ್ಚು ಪರಿಚಿತನು.

ನವೋದಯದ ಕವಿಗಳಲ್ಲಿ ಮರೆಯ ಅಂಶವು ಇನ್ನೂ ಕಡಮೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾವ್ಯನಾಮ ‘ಶ್ರೀನಿವಾಸ’. ವೆಂಕಟೇಶನೇ ಶ್ರೀನಿವಾಸನಷ್ಟೆ! ಪರ್ಯಾಯಪದದ ಹಿಂದೆ ಯಾರು ತಾನೆ ಅಡಗಿಯಾರು? ವಿನಾಯಕ ಕೃಷ್ಣ ಗೋಕಾಕರು ‘ವಿನಾಯಕ’ರೆಂದೇ ಬರೆದರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ‘ಅಂಬಿಕಾತನಯದತ್ತ’ ಎಂಬ ಹೆಸರಿನಲ್ಲಾದರೋ ಇದಕ್ಕಿಂತ ಆಳವಾದ ವ್ಯವಹಾರವು ನಡೆದಿದೆ. ಲೋಕರೂಢಿಯ ಹೆಸರಿನಲ್ಲಿ ‘ರಾಮಚಂದ್ರ’ ಎಂಬುದು ತಂದೆಯ ಸ್ಥಾನ. ಕಾವ್ಯನಾಮವು ಆ ಸ್ಥಾನದಲ್ಲಿ ತಾಯಿ ಅಂಬಿಕೆಯನ್ನು ಕೂರಿಸಿತು. ‘ದತ್ತ’ ಎಂಬುದು ದತ್ತಾತ್ರೇಯನೆಂಬುದರ ಸಂಕ್ಷೇಪವೂ ಹೌದು, ‘ಕೊಡಲ್ಪಟ್ಟವನು’ ಎಂಬ ಅರ್ಥವೂ ಅದಕ್ಕೆ ಉಂಟು. ಬೇಂದ್ರೆಯವರು ಅಂಬಿಕಾತನಯದತ್ತನನ್ನು ತಮ್ಮಿಂದ ಬೇರೆಯಾದವನೆಂಬಂತೆ ಕಾಣುತ್ತಿದ್ದುದು ಪ್ರಸಿದ್ಧವಾಗಿದೆ. ಅವರ ಕಾವ್ಯದಲ್ಲಿ ತಾಯ್ತನವು ಪಡೆದಿರುವ ಪ್ರಾಧಾನ್ಯವನ್ನು ವಿಚಾರಿಸುವವರು ಈ ಹೆಸರಿನಿಂದಲೇ ಆರಂಭಿಸುವುದು ಯುಕ್ತ.

ಇನ್ನೊಂದು ವರ್ಗವು ಅಕ್ಷರಸಂಕ್ಷೇಪದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಮೊದಮೊದಲು ‘ಕಿಶೋರಚಂದ್ರವಾಣಿ’ ಎಂಬ ಹೆಸರಿನಿಂದ ಬರೆಯುತ್ತಿದ್ದರು. ಆ ಹೆಸರು ಶೃಂಗರಿಸಿಕೊಂಡಿದೆ. ಆದರೆ ಅದಕ್ಕೆ ಊರಿಲ್ಲ, ಮನೆಯಿಲ್ಲ. ‘ಕುವೆಂಪು’ ಎಂಬುದರಲ್ಲಿ ಮೂರೇ ಅಕ್ಷರಗಳು. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ತಾನು. ಸಾಲದೆಂಬಂತೆ ಕೆಂಪು, ತಂಪು, ಕಂಪು, ಇಂಪು ಎಂಬ ಅಚ್ಚಗನ್ನಡ ಮಾತುಗಳ ಪ್ರಾಸದಲ್ಲಿ ಅದು ತಾನಾಗಿ ಹೊಂದಿಕೊಂಡಿತು. ಅರಕಲಗೂಡು ನರಸಿಂಗರಾವ್ ಕೃಷ್ಣರಾಯರ ‘ಅನಕೃ’, ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರ ‘ತರಾಸು’ ಇವೂ ಇದೇ ಕ್ರಮದಲ್ಲಿ ಕಟ್ಟಲ್ಪಟ್ಟವು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ‘ಡಿ.ವಿ.ಜಿ.’ ಎಂಬುದರಲ್ಲಿ ಅದೇ ಊರು, ತಂದೆ, ತಾನು ಇದ್ದರೂ ಉಚ್ಚಾರಣೆ ಇಂಗ್ಲಿಷ್ ಅಕ್ಷರಗಳದು. ‘ಬಿ.ಎಂ.ಶ್ರೀ.’ ಎಂಬುದರಲ್ಲಿ ಎರಡಕ್ಷರ ಇಂಗ್ಲಿಷಿನವು, ಕೊನೆಯದು ಕನ್ನಡದ್ದು. ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದ ಆಚಾರ್ಯರ ಹೆಸರಿನಲ್ಲಿಯೇ ಎರಡು ನುಡಿಗಳು ಕೈಹಿಡಿದುಕೊಂಡು ನಿಂತಿರುವುದು ಆಕಸ್ಮಿಕವಾದರೂ ಅರ್ಥವತ್ತಾಗಿದೆ. ರಾಯಸಂ ಭೀಮಸೇನರಾಯರು ‘ಬೀಚಿ’ ಎಂದು ಬರೆಯುವಾಗ ಮೊದಲಕ್ಷರವನ್ನು ಕನ್ನಡ ಲಿಪಿಯಲ್ಲಿಯೂ ಎರಡನೆಯದನ್ನು ರೋಮನ್ ಲಿಪಿಯಲ್ಲಿಯೂ ಇಟ್ಟು, ಕಾಲದ ಎರಡುಮನಸ್ಸನ್ನು ಹೆಸರಿನಿಂದಲೇ ಹಾಸ್ಯಮಾಡಿದರು.

ಸ್ತ್ರೀಯರ ವಿಷಯದಲ್ಲಿ ಹೆಸರಿನ ಆಯ್ಕೆಯು ಹೆಚ್ಚು ಕಠಿನವಾದುದು. ಇಪ್ಪತ್ತೇಳು ವರ್ಷದೊಳಗೆ ಬಾಳನ್ನು ಮುಗಿಸಿದ ಕೊಡಗಿನ ಗೌರಮ್ಮನವರು (1912–1939) ತಮ್ಮ ಕಥೆಗಳನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಿಂದ ಬರೆದರು. ಆ ಹೆಸರಿನಲ್ಲಿ ಪತಿಯಿರುವನು, ಗೌರಮ್ಮ ಇಲ್ಲ. ಎಂಟು ಶತಮಾನಗಳ ಹಿಂದಿನ ‘ಮಾರಯ್ಯಪ್ರಿಯ’ವು ಇಲ್ಲಿ ಹೊಸ ವೇಷದಿಂದ ಬಂದಂತಿದೆ, ಮತ್ತು ಲಕ್ಕಮ್ಮನಂತೆಯೇ ಗೌರಮ್ಮನವರೂ ಆ ಹೆಸರಿನ ಆಶ್ರಯದಲ್ಲಿ ನಿಂತು ಗೃಹಜೀವನದ ಅನ್ಯಾಯಗಳನ್ನು ನಿರ್ಭೀತಿಯಿಂದ ಚಿತ್ರಿಸಿದರು. ಮುಂದೆ ಓದುಗರು ಅವರ ಸ್ವಂತ ಹೆಸರನ್ನೂ ನಾಡಿನ ಹೆಸರನ್ನೂ ಅವರಿಗೆ ಹಿಂದಿರುಗಿಸಿದರು. ಅನಸೂಯಾ ಶಂಕರರು (1928–1963) ‘ತ್ರಿವೇಣಿ’ ಎಂದು ಕರೆದುಕೊಂಡಾಗ ಗಂಡನ ಹೆಸರನ್ನೂ, ಬಿ. ಎಂ. ಶ್ರೀಕಂಠಯ್ಯನವರಂಥವರಿದ್ದ ತವರುಮನೆಯ ಕೀರ್ತಿಯನ್ನೂ ಪಕ್ಕಕ್ಕಿಟ್ಟು, ಯಾರಿಗೂ ಸೇರದ ಒಂದು ನದೀಸಂಗಮದ ಹೆಸರನ್ನು ಆರಿಸಿಕೊಂಡರು. ಗೌರಮ್ಮನವರ ಹೆಸರಿನಿಂದ ಈ ಹೆಸರಿಗೆ ಬರುವಷ್ಟರಲ್ಲಿ ಕನ್ನಡದ ಲೇಖಕಿಯು ನಡೆದ ದೂರವು ಅಲ್ಪವಲ್ಲ.

ಈ ಹಿನ್ನೆಲೆಯಲ್ಲಿ ಜಾಲನಾಮವನ್ನು ಪರಿಶೀಲಿಸಬಹುದು. ಜನರು ಅದಕ್ಕೆ ಬಳಸುವ ಸಾಮಗ್ರಿಯು ಹೊಸದೇನೂ ಅಲ್ಲ: ಊರಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಇಷ್ಟದೈವ, ಮೆಚ್ಚಿದ ನಟ ಅಥವಾ ಕಥಾಪಾತ್ರ, ಅಕ್ಷರಸಂಕ್ಷೇಪ. ಹೊಸದಾದುದು ಯಂತ್ರದ ನಿರ್ಬಂಧ. ಒಬ್ಬನು ತೆಗೆದುಕೊಂಡ ಹೆಸರನ್ನು ಅದೇ ತಾಣದಲ್ಲಿ ಮತ್ತೊಬ್ಬನು ಪಡೆಯಲಾಗದೆಂಬ ನಿಯಮವು ಹಲವೆಡೆಗಳಲ್ಲಿರುವುದರಿಂದ, ಹಿಂದೆ ಬಂದವರು ಹೆಸರಿನ ತುದಿಗೆ ಹುಟ್ಟಿದ ವರ್ಷವನ್ನೋ ಮತ್ತಾವುದೋ ಅಂಕೆಯನ್ನೋ ಸೇರಿಸುವರು. ಹಿಂದೆ ಕವಿಗಳು ಇಂಥ ತೊಡಕಿಗೆ ಸಿಕ್ಕಲಿಲ್ಲ. ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ ಎಂದು ಅಂಕೆ ಹಚ್ಚುವ ಶ್ರಮವನ್ನು ಚರಿತ್ರಕಾರರಿಗೆ ಬಿಟ್ಟುಹೋದರು. ಎರಡನೆಯ ನಿರ್ಬಂಧ ಲಿಪಿಯದು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಹಲವು ತಾಣಗಳಲ್ಲಿ ಜಾಲನಾಮವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು. ಅಲ್ಲಿ ಕಲ, ಕಳ, ಕಾಲ, ಕಾಳ, ಕಲಾ ಎಲ್ಲವೂ ಒಂದೇ ರೂಪವನ್ನು ತಾಳುವುವು. ಬೀಚಿಯವರು ವಿನೋದಕ್ಕೆ ಮಾಡಿದ್ದು ಈಗ ಎಲ್ಲರಿಗೂ ಕಡ್ಡಾಯವಾಗಿದೆ.

ಇವಕ್ಕಿಂತ ಗುರುತರವಾದ ಭೇದವು ಹೊಣೆಯದು. ಮುದ್ದಣನು ಅಡಗಿದ್ದನಾದರೂ ತನ್ನ ವಿದ್ಯೆಯನ್ನೆಲ್ಲ ಆ ಹೆಸರಿಗೆ ಧಾರೆಯೆರೆದನು. ಜಾಲನಾಮವನ್ನಾದರೋ ಬೆಳಿಗ್ಗೆ ತೊಟ್ಟು ಸಂಜೆಗೆ ಬಿಸುಡಬಹುದು; ಪರರನ್ನು ನಿಂದಿಸಿ, ಹೆಸರನ್ನು ಅಳಿಸಿ, ಮತ್ತೊಂದನ್ನು ತೊಡಬಹುದು. ದೋಷವಿರುವುದು ಮರೆಯಲ್ಲಿ ಅಲ್ಲ. ಭಯಕ್ಕೆ ಕಾರಣವುಳ್ಳ ಹೆಂಗಸೊಬ್ಬಳು ಅಥವಾ ಮೇಲಧಿಕಾರಿಗೆ ಅಂಜುವ ನೌಕರನೊಬ್ಬನು ಬೇರೆ ಹೆಸರಿನಿಂದ ಸತ್ಯವನ್ನು ಹೇಳಿದರೆ ಅದನ್ನು ಆಕ್ಷೇಪಿಸಲು ಮುದ್ದಣನನ್ನು ಓದಿದವರಿಗೆ ಅಧಿಕಾರವಿಲ್ಲ. ಆಡಿದ ಮಾತಿನ ಜತೆ ಬಾಳಲು ಒಪ್ಪದ ಹೆಸರು ಮಾತ್ರ ನಿಂದ್ಯ. ಹತ್ತು ವರ್ಷ ಒಂದೇ ಜಾಲನಾಮದಿಂದ ಬರೆದು, ಆ ಹೆಸರಿಗೆ ಒಂದು ದನಿಯನ್ನು ಗಳಿಸಿಕೊಟ್ಟವನು ಅಂಕಿತಕಾರರ ವಂಶಕ್ಕೆ ಸೇರಿದವನೇ ಸರಿ.

ಪಾಠಶಾಲೆಗಳಲ್ಲಿ ಕಾವ್ಯನಾಮಗಳು ಹೊಂದಿಸಿ ಬರೆಯತಕ್ಕ ಪಟ್ಟಿಯಾಗಿ, ಒಂದು ಅಂಕದ ಪ್ರಶ್ನೆಯಾಗಿ ಉಳಿದಿರುವುದು ವಿಷಾದಕರ. ಅಂಬಿಕಾತನಯದತ್ತನ ಎದುರಿಗೆ ಬೇಂದ್ರೆ ಎಂದು ಗೆರೆಯೆಳೆದ ವಿದ್ಯಾರ್ಥಿಯು ಉತ್ತರವನ್ನು ಬಲ್ಲನು, ಹೆಸರನ್ನು ಅರಿಯನು. ಆ ಹೆಸರಿನಲ್ಲಿ ಯಾರು ನೆನೆಯಲ್ಪಟ್ಟಿದ್ದಾರೆ, ಯಾರು ಬಿಡಲ್ಪಟ್ಟಿದ್ದಾರೆ ಎಂದು ಉಪಾಧ್ಯಾಯರು ಒಮ್ಮೆ ಕೇಳಿದರೆ ಸಾಕು, ಕಾವ್ಯದ ಬಾಗಿಲು ತೆರೆಯುವುದು. ಸಂಪಾದಕರು ಕೂಡ ಕವಿಯು ಇಟ್ಟುಕೊಂಡ ಹೆಸರನ್ನು ಪಾಠದಂತೆಯೇ ಕಾಪಾಡಿ, ಲೋಕರೂಢಿಯ ಹೆಸರನ್ನು ಅದರ ಜತೆಗೆ ಕೊಡುವುದು ಉಚಿತ. ತಂದೆತಾಯಿಗಳು ಕೊಟ್ಟ ಹೆಸರಿನ ಮೇಲೆ ಕವಿಗೆ ಅಧಿಕಾರವಿರಲಿಲ್ಲ. ತಾನಿಟ್ಟುಕೊಂಡ ಹೆಸರಾದರೋ ಅವನ ಕೃತಿಯ ಮೊದಲನೆಯ ಮಾತು.