ಚೈನ್ ಗಾಡಿ ಮತ್ತು ಒತ್ತಡದ ಅರ್ಧ ಪಾಠ

ಭತ್ತದ ಕೊಯ್ಲಿನ ದಿನಗಳಲ್ಲಿ ಸಂತೇಬೆನ್ನೂರಿನ ಸುತ್ತಲಿನ ನೀರಾವರಿ ಗದ್ದೆಗಳಿಗೆ ಬರುವ ಕಟಾವು ಯಂತ್ರಗಳನ್ನು ನೀವು ನೋಡಿರಬಹುದು. ಗದ್ದೆ ಒಣಗಿದ್ದರೆ ಟೈರಿನ ಯಂತ್ರ ಸಾಕು. ಕೆಸರಿದ್ದರೆ ‘ಚೈನ್ ಮಷಿನ್’ ಬೇಕು. ಅದು ಏಕೆ ಹೂತುಕೊಳ್ಳುವುದಿಲ್ಲ ಎಂದು ತರಗತಿಯಲ್ಲಿ ಕೇಳಿ ನೋಡಿ. “ವಿಸ್ತೀರ್ಣ ಹೆಚ್ಚು, ಆದ್ದರಿಂದ ಒತ್ತಡ ಕಡಿಮೆ” ಎಂಬ ಉತ್ತರ ತಕ್ಷಣ ಬರುತ್ತದೆ. ಉತ್ತರ ತಪ್ಪಲ್ಲ. ಆದರೆ ಪಾಠವನ್ನು ಅಲ್ಲಿಗೇ ಮುಗಿಸುವ ನಮ್ಮ ರೂಢಿಯ ಬಗ್ಗೆ ನನ್ನ ಆಕ್ಷೇಪವಿದೆ.

ಮೊದಲು ಒಂದು ಲೆಕ್ಕ. ಯಂತ್ರದ ರಾಶಿ 2,700 ಕಿ.ಗ್ರಾಂ. ಎಂದಿರಲಿ. ಎರಡು ಪಟ್ಟಿಗಳಿವೆ, ಪ್ರತಿಯೊಂದರ ಅಗಲ 45 ಸೆಂ.ಮೀ., ನೆಲಕ್ಕೆ ತಾಗಿರುವ ಉದ್ದ 150 ಸೆಂ.ಮೀ. ಒಟ್ಟು ವಿಸ್ತೀರ್ಣ 1.35 ಚದರ ಮೀಟರ್. ತೂಕ ಸುಮಾರು 27,000 ನ್ಯೂಟನ್. ಭಾಗಿಸಿದರೆ 20 ಕಿಲೋಪ್ಯಾಸ್ಕಲ್. ಈಗ 60 ಕಿ.ಗ್ರಾಂ. ರಾಶಿಯ ಒಬ್ಬರು ನಿಂತಿದ್ದಾರೆ, ಒಂದೊಂದು ಪಾದ 150 ಚದರ ಸೆಂ.ಮೀ. ಅವರ ಒತ್ತಡವೂ 20 ಕಿಲೋಪ್ಯಾಸ್ಕಲ್! ನಡೆಯುವಾಗ ಒಂದೇ ಕಾಲಿನ ಮೇಲೆ ಭಾರ ಬೀಳುವುದರಿಂದ ಅದು 40 ಆಗುತ್ತದೆ. ಎರಡೂವರೆ ಟನ್ನಿಗೂ ಮಿಕ್ಕಿದ ಯಂತ್ರ ಮನುಷ್ಯನಿಗಿಂತ ಹಗುರವಾಗಿ ಹೆಜ್ಜೆ ಇಡುತ್ತದೆ.

ಈ ಲೆಕ್ಕದಲ್ಲಿ ನಾವು ಮರೆಮಾಚಿದ ಸಂಗತಿಗಳು ಎರಡು.

ಒಂದು: 20 ಎಂಬುದು ಸರಾಸರಿ. ಪಟ್ಟಿ ಬಾಗುವ ವಸ್ತು. ಭಾರ ಅದಕ್ಕೆ ದಾಟುವುದು ಒಳಗಿನ ರೋಲರ್‌ಗಳ ಮೂಲಕ. ರೋಲರ್‌ಗಳ ಕೆಳಗೆ ಒತ್ತಡ ಹೆಚ್ಚು, ನಡುವಿನ ಅಂತರದಲ್ಲಿ ಕಡಿಮೆ. ಭಾರವೆಲ್ಲ ಪಟ್ಟಿಯ ಮೂರನೇ ಒಂದು ಭಾಗದ ಮೇಲೆ ಬಿದ್ದರೆ ಅಲ್ಲಿ 60 ಕಿಲೋಪ್ಯಾಸ್ಕಲ್ ಆಯಿತು. ರೋಲರ್‌ಗಳ ಸಂಖ್ಯೆ ಮತ್ತು ಪಟ್ಟಿಯ ಬಿಗಿತವನ್ನು ಗಣಿಸದ ವಿವರಣೆ ಹೇಗೆ ಪೂರ್ಣವಾದೀತು?

ಎರಡು: ವಿಸ್ತೀರ್ಣ ಹೆಚ್ಚಿಸಿದರೆ ತೂಕ ಮಾಯವಾಗುವುದಿಲ್ಲ. ಇದನ್ನು ತೋರಿಸಲು ಹಿಮವಾಹನಗಳಿಗಿಂತ ಒಳ್ಳೆಯ ನಿದರ್ಶನ ಇಲ್ಲ. 1957–58ರಲ್ಲಿ ವಿವಿಯನ್ ಫುಕ್ಸ್ ನೇತೃತ್ವದ ತಂಡ 99 ದಿನಗಳಲ್ಲಿ ಅಂಟಾರ್ಕ್ಟಿಕವನ್ನು ದಾಟಿತು. ತಂಡದ ಮುಖ್ಯ ವಾಹನ ಟಕರ್ ಸ್ನೋಕ್ಯಾಟ್. ಅದಕ್ಕೆ ನಾಲ್ಕು ಪ್ರತ್ಯೇಕ ಪಟ್ಟಿಗಳು. ಮೆದು ಹಿಮದ ಮೇಲೆ ಅದು ತೇಲಿದಂತೆ ಸಾಗುತ್ತಿತ್ತು. ಆದರೂ ಆಳವಾದ ಬಿರುಕಿನ ಮೇಲೆ ಮುಚ್ಚಿದ್ದ ಹಿಮದ ಸೇತುವೆ ಕುಸಿದು, ಸ್ನೋಕ್ಯಾಟ್ ಬಿರುಕಿನ ಮೇಲೆ ಜೋತುಬಿದ್ದ ಚಿತ್ರ ಪ್ರಸಿದ್ಧವಾಗಿದೆ. ಹಿಮದ ಮೇಲ್ಮೈ ಹೊರುವುದು ಒತ್ತಡವನ್ನು. ಸೇತುವೆ ಹೊರಬೇಕಾದದ್ದು ಒಟ್ಟು ಭಾರವನ್ನು.

ನಮ್ಮ ಗದ್ದೆಯಲ್ಲೂ ಇದೇ ನಿಯಮ. ಮೇಲ್ಮಣ್ಣು ಎಷ್ಟು ಅದುಮುತ್ತದೆ ಎಂಬುದನ್ನು ಮುಖ್ಯವಾಗಿ ಒತ್ತಡ ನಿರ್ಧರಿಸಿದರೆ, ಆಳದ ಮಣ್ಣು ಗಟ್ಟಿಯಾಗುವುದರಲ್ಲಿ ಒಟ್ಟು ಭಾರದ ಪಾತ್ರ ದೊಡ್ಡದು. ಮೇಲ್ಮಣ್ಣನ್ನು ಉಳುಮೆ ಸಡಿಲಿಸುತ್ತದೆ. ನೇಗಿಲು ತಲುಪದ ಆಳದ ಪದರ ಹಾಗೆಯೇ ಉಳಿದು ಬೇರಿಗೂ ನೀರಿಗೂ ಅಡ್ಡಿಯಾಗುತ್ತದೆ. “ಚೈನ್ ಮಷಿನ್ ತಾನೇ, ಮಣ್ಣಿಗೆ ಏನೂ ಆಗದು” ಎಂದುಕೊಳ್ಳುವ ರೈತ ನಮ್ಮ ಅರ್ಧ ಪಾಠದ ಬೆಲೆ ತೆರುತ್ತಾನೆ.

ಈ ಅರಿವಿದ್ದರೆ ಹಳೆಯ ಯಂತ್ರವನ್ನು ಗುರುತಿಸುವ ಬಗೆಯೂ ಬದಲಾಗುತ್ತದೆ. ಬಣ್ಣ ಬದಲಾಗಬಹುದು, ಹೆಸರಿನ ಫಲಕ ಕಳೆದಿರಬಹುದು. ಪಟ್ಟಿಗಳು ಎಷ್ಟು, ರೋಲರ್‌ಗಳು ಎಷ್ಟು, ಎಳೆಯುವ ಹಲ್ಲುಗಾಲಿ ಮುಂದಿದೆಯೋ ಹಿಂದಿದೆಯೋ ಎಂದು ನೋಡಿ. ನಾಲ್ಕು ಪಟ್ಟಿ ಕಂಡರೆ ಅದು ಸ್ನೋಕ್ಯಾಟ್ ವಂಶದ್ದಿರಬಹುದು. ಟೈರಿನ ಮೇಲೆಯೇ ಪಟ್ಟಿ ಸುತ್ತಿದ ಸಾಮಾನ್ಯ ಟ್ರ್ಯಾಕ್ಟರ್ ಆದರೆ, ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ ಫರ್ಗುಸನ್ ನೆನಪಾಗಬೇಕು. ರಬ್ಬರ್ ಪಟ್ಟಿಯ ಅಳತೆಯನ್ನು 450×90×51 ಎಂಬಂತೆ ಸೂಚಿಸುತ್ತಾರೆ: ಅಗಲ 450 ಮಿ.ಮೀ., ಎರಡು ಕೊಂಡಿಗಳ ಅಂತರ 90 ಮಿ.ಮೀ., ಕೊಂಡಿಗಳು 51. ಪಟ್ಟಿಯ ಸುತ್ತಳತೆ 4,590 ಮಿ.ಮೀ. ಎಂದು ವಿದ್ಯಾರ್ಥಿಯೇ ಹೇಳಬಲ್ಲ.

ನಿರ್ವಹಣೆಯೂ ಭೌತಶಾಸ್ತ್ರವೇ. ಪಟ್ಟಿ ಸಡಿಲವಾದರೆ ಕಳಚುತ್ತದೆ. ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಶಕ್ತಿ ವ್ಯರ್ಥವಾಗುತ್ತದೆ. ಪಿನ್ನು ಜೋಡಿಸಿದ ಉಕ್ಕಿನ ಚೈನಿನಲ್ಲಿ 40 ಕೊಂಡಿಗಳಿದ್ದು ಪ್ರತಿ ಕೀಲೂ 1 ಮಿ.ಮೀ. ಸವೆದರೆ ಚೈನು 40 ಮಿ.ಮೀ. ಉದ್ದವಾಗುತ್ತದೆ, ಹಲ್ಲುಗಾಲಿಯ ಹಲ್ಲಿಗೂ ಕೊಂಡಿಗೂ ಹೊಂದಿಕೆ ತಪ್ಪುತ್ತದೆ. ಹಿಮದಲ್ಲಿ ಗ್ರೀಸು ಗಟ್ಟಿಯಾಗುತ್ತದೆ, ರಬ್ಬರು ಪೆಡಸಾಗುತ್ತದೆ. ಗದ್ದೆಯಲ್ಲಿ ಕೆಸರು, ಹುಲ್ಲು ಸುತ್ತಿಕೊಂಡು ಒಣಗುತ್ತವೆ. ದಿನದ ಕೊನೆಗೆ ತೊಳೆದು ನೋಡುವುದು ಎರಡು ಕಡೆಯೂ ಬೇಕಾದ ಕೆಲಸ.

ಶಿಕ್ಷಕ ಮಿತ್ರರೇ, ಮುಂದಿನ ಕೊಯ್ಲಿನಲ್ಲಿ ಮಕ್ಕಳನ್ನು ಗದ್ದೆಯ ಬದುವಿಗೆ ಕರೆದೊಯ್ಯಿರಿ. ಮಾಲೀಕರ ಒಪ್ಪಿಗೆ ಪಡೆದು, ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಮೇಲೆ ಪಟ್ಟಿಯನ್ನು ಅಳೆಯಲಿ, ರೋಲರ್ ಎಣಿಸಲಿ. ಯಂತ್ರ ಹೋದ ಜಾಡಿನ ಆಳವನ್ನೂ ತಮ್ಮ ಹೆಜ್ಜೆಯ ಆಳವನ್ನೂ ಹೋಲಿಸಲಿ. ಲೆಕ್ಕಕ್ಕೂ ಜಾಡಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಉಳಿದರ್ಧ ಪಾಠ ಶುರುವಾಗುವುದೇ ಅಲ್ಲಿ.